ಮಂಡಿ ಬದಲಿಸಿದ ಮೇಲೂ ಕಾಲು ಮಡಚುತ್ತಿಲ್ಲವೇ? ಮೊದಲ ಮೂರು ತಿಂಗಳ ಲೆಕ್ಕ ತಿಳಿದಿರಲಿ

ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಮೊಬೈಲಿಗೆ ಸಾಮಾನ್ಯವಾಗಿ ಮೂರು ಬಗೆಯ ಸಲಹೆಗಳು ಬರುತ್ತವೆ. ಹೊಸ ಮಂಡಿ ಒಳಗೆ ಸರಿಯಾಗಿ ಕೂರಬೇಕಾದರೆ ಮೂರು ತಿಂಗಳು ಕಾಲನ್ನು ಅಲ್ಲಾಡಿಸಬಾರದು ಎನ್ನುವುದು ಒಂದು. ಎರಡನೆಯದು ಇದಕ್ಕೆ ತದ್ವಿರುದ್ಧ: ಎಣ್ಣೆ ಹಾಕಿ ತಿಕ್ಕಿ, ಇಬ್ಬರು ಹಿಡಿದು ಬಲವಂತವಾಗಿ ಮಡಚಿಸದಿದ್ದರೆ ಕಾಲು ಕೋಲಿನಂತೆ ನಿಂತುಬಿಡುತ್ತದೆ. ಮೂರನೆಯದು ಕೇಳಲು ಹಿತವಾದದ್ದು: ಒಂದು ವರ್ಷ ಕಳೆಯಲಿ, ಎಲ್ಲ ತಾನಾಗಿಯೇ ಸಡಿಲವಾಗುತ್ತದೆ, ತಲೆಕೆಡಿಸಿಕೊಳ್ಳಬೇಡಿ.

ಮೊದಲ ಎರಡು ಸಲಹೆಗಳನ್ನು ಆಸ್ಪತ್ರೆಯವರೇ ತಿದ್ದುತ್ತಾರೆ. ನಮಗೆ ಹೆಚ್ಚು ಚಿಂತೆ ಮೂರನೆಯದರ ಬಗ್ಗೆ. ಅದು ಪೂರ್ತಿ ಸುಳ್ಳಲ್ಲ. ಬದಲಿಸಿದ ಮಂಡಿ ಒಂದು ವರ್ಷದವರೆಗೂ ನಿಧಾನವಾಗಿ ಸುಧಾರಿಸುತ್ತಲೇ ಇರುತ್ತದೆ, ನಿಜ. ಆದರೆ ಸುಧಾರಣೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ಮಂಡಿ ನಿಜವಾಗಿಯೂ ಬಿಗಿದುಕೊಂಡಿದ್ದರೆ ಅದನ್ನು ಗಾಯವಿಲ್ಲದೆ ಸಡಿಲಿಸುವ ಚಿಕಿತ್ಸೆ ಚೆನ್ನಾಗಿ ಫಲ ಕೊಡುವುದೂ ಸುಮಾರು ಹನ್ನೆರಡು ವಾರಗಳ ಒಳಗೆ. “ಇನ್ನು ಸ್ವಲ್ಪ ದಿನ ನೋಡುವಾ, ಸರಿ ಆಗ್ತದೆ” ಎಂದು ಕಾಯುತ್ತಾ ಕೂತ ಮನೆಯವರು ಆರನೇ ತಿಂಗಳಿಗೆ ಡಾಕ್ಟರ ಬಳಿ ಹೋದಾಗ ಆ ಸುಲಭದ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ಚಿಪ್ಪು ಬದಲಾಗುವುದಿಲ್ಲ, ಗ್ರೀಸ್ ಬತ್ತಿರುವುದಿಲ್ಲ

ಈ ಶಸ್ತ್ರಚಿಕಿತ್ಸೆಯ ಮಾತು ನಮ್ಮ ದೇಶದ ಮನೆಮನೆಗೆ ಬಂದದ್ದು 2000ನೇ ಇಸವಿಯ ಅಕ್ಟೋಬರ್‌ನಲ್ಲಿ. ಆಗ ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಯನ್ನು ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ರಣಾವತ್ ಬದಲಿಸಿದರು. 2001ರ ಜೂನ್‌ನಲ್ಲಿ ಬಲ ಮಂಡಿಯೂ ಆಯಿತು. ಅಲ್ಲಿಂದೀಚೆಗೆ “ಚಿಪ್ಪು ಚೇಂಜ್ ಮಾಡಿಸುವುದು” ಎಂಬ ಮಾತು ರೂಢಿಗೆ ಬಂತು. ಮಾತು ಸ್ವಲ್ಪ ತಪ್ಪು. ಮುಂದೆ ಕೈಗೆ ಸಿಗುವ ಮಂಡಿಚಿಪ್ಪು ನಿಮ್ಮದೇ ಆಗಿ ಉಳಿಯುತ್ತದೆ, ಹೆಚ್ಚೆಂದರೆ ಅದರ ಒಳಮೈಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ. ಬದಲಾಗುವುದು ತೊಡೆಮೂಳೆಯ ಕೆಳತುದಿ ಮತ್ತು ಕೆಳಗಾಲಿನ ಮೂಳೆಯ ಮೇಲ್ತುದಿಯ ಸವೆದ ಮೇಲ್ಮೈ. ಅದನ್ನು ತೆಳುವಾಗಿ ಕತ್ತರಿಸಿ ತೆಗೆದು ಲೋಹದ ಹೊದಿಕೆ ಹಾಕುತ್ತಾರೆ, ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಸುತ್ತಲಿನ ಸ್ನಾಯು, ಕಟ್ಟು, ಚರ್ಮ ಎಲ್ಲವೂ ಹಳೆಯದೇ.

ಇದು ಗೊತ್ತಾದರೆ ಅರ್ಧ ಫಾರ್ವರ್ಡ್‌ಗಳು ತಾವಾಗಿಯೇ ಉದುರಿಹೋಗುತ್ತವೆ. ಪಾರಿಜಾತದ ಎಲೆಯ ಕಷಾಯ, ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಮಂಡಿಯ “ಗ್ರೀಸ್” ಮರಳಿ ಬರುತ್ತದೆ ಎನ್ನುವ ಸಂದೇಶವನ್ನು ಶಸ್ತ್ರಚಿಕಿತ್ಸೆ ಆದವರಿಗೂ ಕಳಿಸುವವರಿದ್ದಾರೆ. ಸವೆದ ಮಂಡಿಗೇ ಅದರಿಂದ ಮೃದ್ವಸ್ಥಿ ಮರಳಿ ಬೆಳೆದದ್ದಕ್ಕೆ ಪುರಾವೆಯಿಲ್ಲ. ಬದಲಿಸಿದ ಮಂಡಿಯಲ್ಲಂತೂ ಉಜ್ಜುವ ಜಾಗದಲ್ಲಿರುವುದು ಲೋಹ ಮತ್ತು ಪ್ಲಾಸ್ಟಿಕ್. ಅದು ಬಿಗಿಯಾದರೆ ಕಾರಣ ಹೆಚ್ಚಾಗಿ ಕೀಲಿನ ಸುತ್ತಲಿನ ಮೆದು ಭಾಗದಲ್ಲಿರುತ್ತದೆ.

ಶಸ್ತ್ರಚಿಕಿತ್ಸೆಯಾದಾಗ ಕೀಲಿನೊಳಗೆ ಒಂದಷ್ಟು ರಕ್ತ ಸೋರುತ್ತದೆ, ಊತ ಬರುತ್ತದೆ. ಗಾಯ ಮಾಯಿಸಲು ದೇಹ ಅಲ್ಲಿ ಕೊಲಾಜೆನ್ ಎಂಬ ನಾರನ್ನು ನೇಯುತ್ತದೆ. ಆ ನಾರು ಬರೀ ಗಾಯವನ್ನಷ್ಟೇ ಮುಚ್ಚುವುದಿಲ್ಲ, ಮಂಡಿಚಿಪ್ಪಿನ ಮೇಲೆ ಮತ್ತು ಅಕ್ಕಪಕ್ಕ ಜಾರಾಡಬೇಕಾದ ಪದರಗಳನ್ನೂ ಒಂದಕ್ಕೊಂದು ಅಂಟಿಸಿಬಿಡಬಹುದು. ಹಲಸಿನ ಹಣ್ಣು ಕೊಯ್ದವರಿಗೆ ಮೇಣದ ಗುಣ ಗೊತ್ತು. ಕೈಗೆ ಹತ್ತಿದ ಕೂಡಲೇ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಬಿಡುತ್ತದೆ, ಒಣಗಿದ ಮೇಲೆ ಕತ್ತಿಯಲ್ಲಿ ಕೆರೆಯಬೇಕು. ಕೀಲಿನೊಳಗಿನ ಅಂಟೂ ಮೊದಲ ವಾರಗಳಲ್ಲಿ ಮೆದುವಾಗಿರುತ್ತದೆ, ತಿಂಗಳು ಕಳೆದಂತೆ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ವೈದ್ಯರು ಹೇಳುವ ಹನ್ನೆರಡು ವಾರದ ಲೆಕ್ಕ ಬಂದದ್ದು ಇಲ್ಲಿಂದ.

ಎಷ್ಟು ಮಡಚಿದರೆ ಸಾಕು?

ಕಾಲು ಪೂರ್ತಿ ನೆಟ್ಟಗಿದ್ದರೆ ಸೊನ್ನೆ ಡಿಗ್ರಿ. ಕುರ್ಚಿಯಲ್ಲಿ ಕೂತು ಪಾದ ನೇರ ಕೆಳಗಿಟ್ಟರೆ 90 ಡಿಗ್ರಿ. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು 80ರ ಮೇಲೆ ಬೇಕು, ಇಳಿಯಲು 90ರ ಆಸುಪಾಸು, ತಗ್ಗಿನ ಕುರ್ಚಿಯಿಂದ ಕೈಯೂರದೆ ಏಳಲು 90ರಿಂದ 105. ಹೆಚ್ಚಿನವರು ಮೂರು ತಿಂಗಳ ಹೊತ್ತಿಗೆ 110ರ ಹತ್ತಿರ ಅಥವಾ ಅದರಾಚೆ ಮುಟ್ಟುತ್ತಾರೆ. ಆರು ವಾರ ಕಳೆದರೂ 90 ದಾಟದಿದ್ದರೆ ಆ ಮಂಡಿಯ ಕಡೆ ಗಮನ ಕೊಡಬೇಕು.

ಮಂಗಳೂರಿನಂಥ ಊರಿನಲ್ಲಿ ಈ ಅಂಕೆಗಳು ಬರೀ ಅಂಕೆಗಳಲ್ಲ. ಕದ್ರಿ, ಬಿಜೈ, ಕಂಕನಾಡಿ, ಎತ್ತ ಹೋದರೂ ಏರು ಇಳಿತ. ಗೇಟಿನಿಂದ ಮನೆಗೆ ಕೆಂಪುಕಲ್ಲಿನ ಮೆಟ್ಟಿಲು, ಸಿಟಿ ಬಸ್ಸಿನ ಮೊದಲ ಮೆಟ್ಟಿಲಂತೂ ಮೊಣಕಾಲ ಎತ್ತರಕ್ಕೆ ಸ್ವಲ್ಪವೇ ಕಡಿಮೆ. ಎಂಬತ್ತು ಡಿಗ್ರಿಗೆ ನಿಂತುಹೋದ ಮಂಡಿಯವರು ಮನೆಯೊಳಗೆ ಚೆನ್ನಾಗಿಯೇ ಓಡಾಡುತ್ತಾರೆ. ಆದರೆ ಬಸ್ ಹತ್ತುವುದಿಲ್ಲ, ಮಾರ್ಕೆಟ್ಟಿಗೆ ಹೋಗುವುದಿಲ್ಲ. ನೋವು ಹೋಗಲಿ ಎಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕೊನೆಗೆ ಮೊದಲಿಗಿಂತ ಹೆಚ್ಚಾಗಿ ಮನೆಗೆ ಕಟ್ಟಿಬೀಳುವುದು ಹೀಗೆ.

ಮಡಚುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, ಕಾಲು ನೆಟ್ಟಗಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ನಡಿಗೆಯ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಹತ್ತು ಹದಿನೈದು ಡಿಗ್ರಿ ಬಾಗಿಯೇ ಉಳಿದ ಮಂಡಿಯಲ್ಲಿ ನಿಂತಷ್ಟು ಹೊತ್ತೂ ತೊಡೆಯ ಮುಂಭಾಗದ ಸ್ನಾಯು ದುಡಿಯುತ್ತಲೇ ಇರಬೇಕು. ಆ ಕಾಲು ಗಿಡ್ಡವಾದಂತಾಗಿ ಕುಂಟು ನಡಿಗೆ ಬರುತ್ತದೆ, ಭಾರ ಇನ್ನೊಂದು ಮಂಡಿಗೆ, ಸೊಂಟಕ್ಕೆ ಬೀಳುತ್ತದೆ. ಇದಕ್ಕೆ ಕಾರಣವಾಗುವ ಒಂದು ಸಾಮಾನು ಎಲ್ಲರ ಮನೆಯಲ್ಲೂ ಇದೆ: ತಲೆದಿಂಬು. ಊದಿದ ಮಂಡಿಯೊಳಗಿನ ಒತ್ತಡ ಸ್ವಲ್ಪ ಬಾಗಿಸಿ ಇಟ್ಟಾಗ ಕಡಿಮೆಯಾಗುತ್ತದೆ, ಹಾಗಾಗಿ ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ. ಪ್ರೀತಿಯಿಂದಲೇ ಮನೆಯವರು ಇಡುತ್ತಾರೆ. ರಾತ್ರಿಯಿಡೀ ಹಾಗೆ ಮಲಗಿದರೆ ಕಾಲು ಬಾಗಿದಲ್ಲೇ ಬಿಗಿಯುತ್ತದೆ. ದಿಂಬು ಅಥವಾ ಸುತ್ತಿದ ಟವೆಲ್ ಇಡಬೇಕಾದದ್ದು ಹಿಮ್ಮಡಿಯ ಕೆಳಗೆ, ಮಂಡಿಯ ಹಿಂಬದಿ ಗಾಳಿಯಲ್ಲಿರುವಂತೆ.

ಎಲ್ಲ ತಪ್ಪೂ ರೋಗಿಯದಲ್ಲ

ದುಬೈಯಿಂದ ಮಗ ವಿಡಿಯೊ ಕಾಲ್ ಮಾಡುತ್ತಾನೆ. “ಅಮ್ಮ, ನೀವು ಎಕ್ಸರ್‌ಸೈಜ್ ಸರಿ ಮಾಡ್ತಾ ಇಲ್ಲ, ಅದಕ್ಕೇ ಹೀಗೆ.” ಪಕ್ಕದ ಮನೆಯವರೂ ಅದನ್ನೇ ಹೇಳುತ್ತಾರೆ, ಅವರ ಅತ್ತೆ ಒಂದೇ ತಿಂಗಳಲ್ಲಿ ಮೆಟ್ಟಿಲು ಹತ್ತಿದ್ದರು. ಇಂಥ ಮಾತು ಕೇಳಿಸಿಕೊಂಡ ಹಿರಿಯರು ನಾಚಿಕೆಯಿಂದ ಡಾಕ್ಟರ ಮುಂದೆಯೂ “ಪರವಾಗಿಲ್ಲ” ಎನ್ನುತ್ತಾರೆ. ಇದು ಅನ್ಯಾಯ ಎಂಬುದು ನಮ್ಮ ಅಭಿಪ್ರಾಯ, ಕಾರಣಗಳನ್ನು ನೋಡಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತು ಎಂಬುದೇ ಆಮೇಲೆ ಎಷ್ಟು ಮಡಚುತ್ತದೆ ಎಂಬುದರ ಬಲವಾದ ಸೂಚನೆ. ಹತ್ತು ವರ್ಷ ನೋವು ನುಂಗಿ, ಮಂಡಿ ಎಪ್ಪತ್ತು ಡಿಗ್ರಿಗೆ ಬಂದ ಮೇಲೆ ಮಾಡಿಸಿಕೊಂಡವರನ್ನು ನೂರಹತ್ತು ಮಡಚುತ್ತಿದ್ದವರ ಜೊತೆ ಹೋಲಿಸಬಾರದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹಿಂದೆ ಅದೇ ಮಂಡಿಗೆ ಆಪರೇಶನ್ ಆಗಿದ್ದವರಲ್ಲಿ ಬಿಗಿತದ ಸಾಧ್ಯತೆ ಹೆಚ್ಚು. ಕೆಲವರ ದೇಹ ಗಾಯಕ್ಕೆ ಅಗತ್ಯಕ್ಕಿಂತ ಹೆಚ್ಚು ನಾರು ನೇಯುತ್ತದೆ, ಅದರಲ್ಲಿ ಅವರ ಕೈವಾಡವೇನೂ ಇಲ್ಲ. ಕೂರಿಸಿದ ಲೋಹದ ಭಾಗ ಒಂದು ಅಳತೆ ದೊಡ್ಡದಾಗಿದ್ದರೂ, ಸ್ವಲ್ಪ ತಿರುಗಿ ಕೂತಿದ್ದರೂ ಮಂಡಿ ಮಡಚುವುದಿಲ್ಲ. ಅಂಥ ಕಡೆ ಎಷ್ಟು ವ್ಯಾಯಾಮ ಮಾಡಿದರೂ ಬಾಗಿಲಿಗೆ ಅಡ್ಡ ಇಟ್ಟು ತಳ್ಳಿದಂತೆ. ಕೊನೆಯದಾಗಿ ಸೋಂಕು. ಜ್ವರವಿಲ್ಲದ, ಒಳಗೊಳಗೇ ಇರುವ ಸೋಂಕು ಬರೀ ನೋವು ಮತ್ತು ಬಿಗಿತವಾಗಿ ಕಾಣಿಸಿಕೊಳ್ಳಬಹುದು.

ಬೇರೆಬೇರೆ ಅಧ್ಯಯನಗಳು ಬಿಗಿತವನ್ನು ಬೇರೆಬೇರೆ ರೀತಿ ಅಳೆದಿವೆ. ಒಟ್ಟಾರೆ ನೂರು ಜನರಲ್ಲಿ ಒಬ್ಬರಿಂದ ಐದಾರು ಮಂದಿಗೆ ಚಿಕಿತ್ಸೆ ಬೇಕೆನಿಸುವಷ್ಟು ಬಿಗಿತ ಬರುತ್ತದೆ ಎನ್ನಬಹುದು. ಅಪರೂಪವೂ ಅಲ್ಲ, ಎಲ್ಲರಿಗೂ ಬರುವುದೂ ಅಲ್ಲ.

ದುಬಾರಿ ಇಂಪ್ಲಾಂಟ್ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಕೊರಗೂ ಬೇಡ. ಹೆಚ್ಚು ಮಡಚುತ್ತದೆಂದು ಮಾರುವ “ಹೈ ಫ್ಲೆಕ್ಸ್” ಮಂಡಿಗಳನ್ನು ಸಾಮಾನ್ಯ ಮಂಡಿಗಳ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ರೋಗಿಯ ದಿನನಿತ್ಯಕ್ಕೆ ಉಪಯೋಗವಾಗುವಷ್ಟು ವ್ಯತ್ಯಾಸ ಕಂಡುಬಂದಿಲ್ಲ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಅದುವರೆಗೆ ಸರಾಸರಿ ಒಂದೂವರೆ ಲಕ್ಷ ದಾಟಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಹೈ ಫ್ಲೆಕ್ಸ್‌ಗೆ 56,490. ಮೊದಲು ಎರಡರ ನಡುವೆ ಇದ್ದ ಅಂತರ ಬಹುಮಟ್ಟಿಗೆ ಇಲ್ಲವಾಯಿತು.

ಹದಿನೈದು ದಿನದ ವಿಮೆ, ಹನ್ನೆರಡು ವಾರದ ಮಂಡಿ

ಇಂಪ್ಲಾಂಟ್ ಬೆಲೆ ಇಳಿಯಿತು, ಸರಿ. ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜ್‌ಗಳಲ್ಲಿ ಮಂಡಿ ಬದಲಿಯೂ ಸೇರಿತು. ಆದರೆ ಆ ಯೋಜನೆ ನೋಡಿಕೊಳ್ಳುವುದು ಆಸ್ಪತ್ರೆಯಲ್ಲಿ ದಾಖಲಾದ ಚಿಕಿತ್ಸೆಯನ್ನು, ಬಿಡುಗಡೆಯ ನಂತರ ಹದಿನೈದು ದಿನದವರೆಗಿನ ಖರ್ಚನ್ನು. ಫಿಸಿಯೋಥೆರಪಿಯ ನಿಜವಾದ ಕೆಲಸವಿರುವುದು ಅದರ ನಂತರದ ಹತ್ತು ವಾರಗಳಲ್ಲಿ. ಆ ಖರ್ಚು ಜೇಬಿನಿಂದಲೇ ಹೋಗಬೇಕು. ಖಾಸಗಿ ವಿಮೆ ಇದ್ದವರು ಒಂದು ಸಲ ಪಾಲಿಸಿಯನ್ನು ಓದಿ: ಬಿಡುಗಡೆಯ ನಂತರ 60 ಅಥವಾ 90 ದಿನದವರೆಗಿನ ಖರ್ಚನ್ನು ಕೊಡುವ ಪಾಲಿಸಿಗಳಿವೆ, ವೈದ್ಯರು ಬರೆದುಕೊಟ್ಟಿದ್ದರೆ ಫಿಸಿಯೋಥೆರಪಿ ಬಿಲ್ಲೂ ಅದರಲ್ಲಿ ಸೇರಬಹುದು. ಅನೇಕರು ಕೇಳುವುದೇ ಇಲ್ಲ.

ಇನ್ನೊಂದು ತೊಡಕು ದೂರ. ಮಂಗಳೂರಿಗೆ ಆಸ್ಪತ್ರೆಗಳ ಕೊರತೆಯಿಲ್ಲ. ಫಾದರ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಔಷಧ ಕೊಡಲು ಆರಂಭಿಸಿದ ಕಾಲದಿಂದ ಹಿಡಿದು ಇವತ್ತಿನವರೆಗೆ ಇದು ಚಿಕಿತ್ಸೆಯ ಊರು. ಸರಕಾರದ ವೆನ್ಲಾಕ್ ಇದೆ, ಹಲವು ವೈದ್ಯಕೀಯ ಕಾಲೇಜುಗಳಿವೆ, ಫಿಸಿಯೋಥೆರಪಿ ಕಾಲೇಜುಗಳೂ ಇವೆ. ಆದರೆ ಇಲ್ಲಿ ಮಂಡಿ ಬದಲಿಸಿಕೊಂಡವರಲ್ಲಿ ಎಷ್ಟೋ ಮಂದಿ ಸುಳ್ಯ, ಬೆಳ್ತಂಗಡಿ, ಕೊಡಗು, ಚಿಕ್ಕಮಗಳೂರಿನವರು, ತಲಪಾಡಿಯ ಆಚೆಗಿನ ಮಂಜೇಶ್ವರ, ಕಾಸರಗೋಡಿನವರು. ಅವರಿಗೆ ಮಂಗಳೂರು ಎಷ್ಟು ಅನಿವಾರ್ಯ ಎಂಬುದು 2020ರ ಮಾರ್ಚ್ ಕೊನೆಗೆ ಕೊರೊನಾ ಕಾರಣದಿಂದ ಗಡಿ ಮುಚ್ಚಿದಾಗ ಎಲ್ಲರಿಗೂ ಗೊತ್ತಾಯಿತು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿ ತೆರೆದಿರುವ ಮಾಮೂಲಿ ದಿನಗಳಲ್ಲೂ, ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ವಾರಕ್ಕೆ ಮೂರು ಸಲ ಊದಿದ ಕಾಲು ಇಟ್ಟುಕೊಂಡು ಅರವತ್ತು ಎಪ್ಪತ್ತು ಕಿಲೋಮೀಟರ್ ಬರುವುದು ಯಾರಿಂದಾದೀತು?

ಹಾಗಾಗಿ ಬಿಡುಗಡೆಯ ದಿನವೇ ಎರಡು ಕೆಲಸ ಮಾಡಿಕೊಳ್ಳಬೇಕು. ನಿಮ್ಮ ತಾಲೂಕಿನಲ್ಲೇ ಇರುವ ಅರ್ಹ ಫಿಸಿಯೋಥೆರಪಿಸ್ಟ್ ಯಾರೆಂದು ತಿಳಿದುಕೊಂಡು, ಅವರಿಗೆ ತೋರಿಸಲು ವ್ಯಾಯಾಮದ ಚೀಟಿ ಬರೆಸಿಕೊಳ್ಳುವುದು ಒಂದು. ಎಷ್ಟು ಡಿಗ್ರಿಯೊಂದಿಗೆ ಮನೆಗೆ ಹೋಗುತ್ತಿದ್ದೇವೆ ಎಂಬುದನ್ನು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳುವುದು ಇನ್ನೊಂದು. ಆಮೇಲೆ ಸುಧಾರಿಸಿದೆಯೋ ಇಲ್ಲವೋ ಎಂದು ಹೇಳಲು ಅದೇ ಆಧಾರ.

ಮೊಬೈಲಿನಿಂದ ಒಂದು ಒಳ್ಳೆಯ ಉಪಯೋಗ ಇಲ್ಲಿದೆ. ವಾರಕ್ಕೊಮ್ಮೆ, ಒಂದೇ ಕುರ್ಚಿ, ಒಂದೇ ಜಾಗ. ಕಾಲನ್ನು ಆದಷ್ಟು ಹಿಂದಕ್ಕೆ ಮಡಚಿ ಪಕ್ಕದಿಂದ ಒಂದು ಫೋಟೊ, ಹಾಸಿಗೆಯಲ್ಲಿ ಆದಷ್ಟು ನೆಟ್ಟಗೆ ಚಾಚಿ ಇನ್ನೊಂದು ಫೋಟೊ. ಸೊಂಟ, ಮಂಡಿ, ಪಾದದ ಗಂಟು ಮೂರೂ ಕಾಣಬೇಕು. ನಾಲ್ಕು ವಾರದ ಫೋಟೊಗಳನ್ನು ಸಾಲಾಗಿಟ್ಟರೆ “ಸ್ವಲ್ಪ ಸ್ವಲ್ಪ ಸರಿ ಆಗ್ತಾ ಉಂಟು” ಎನ್ನುವುದು ನಿಜವೋ ಭ್ರಮೆಯೋ ಗೊತ್ತಾಗುತ್ತದೆ. ಎರಡು ಮೂರು ವಾರ ಒಂದೇ ಕಡೆ ನಿಂತಿದ್ದರೆ ಆ ಫೋಟೊಗಳನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ, ಮುಂದಿನ ತಾರೀಕಿನವರೆಗೆ ಕಾಯಬೇಡಿ.

ಮನೆಯಲ್ಲಿ ಮಾಡುವುದು, ಮಾಡಬಾರದ್ದು

ದಿನಕ್ಕೊಮ್ಮೆ ಒಂದು ಗಂಟೆ ಒದ್ದಾಡುವುದಕ್ಕಿಂತ ದಿನಕ್ಕೆ ಐದಾರು ಸಲ ಹತ್ತು ನಿಮಿಷ ಮಾಡುವುದು ಮೇಲು. ಮಲಗಿ ಹಿಮ್ಮಡಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಪಾದವನ್ನು ಪೃಷ್ಠದ ಕಡೆ ಜಾರಿಸುವುದು. ಕುರ್ಚಿಯಲ್ಲಿ ಕೂತು ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಪಾದ ಅಲ್ಲೇ ಇಟ್ಟು ಸೊಂಟವನ್ನು ಮುಂದಕ್ಕೆ ಸರಿಸುವುದು. ಹಿಮ್ಮಡಿಗೆ ಟವೆಲ್ ಇಟ್ಟು ಮಂಡಿಯನ್ನು ಹಾಸಿಗೆಯತ್ತ ಒತ್ತಿ ಐದು ಎಣಿಸುವುದು. ನೆಟ್ಟಗಾಗಿಸುವ ವ್ಯಾಯಾಮ ಈ ಕೊನೆಯದು, ಜನ ಮರೆಯುವುದೂ ಇದನ್ನೇ. ವ್ಯಾಯಾಮದ ನಂತರ ಟವೆಲಿನಲ್ಲಿ ಸುತ್ತಿದ ಮಂಜುಗಡ್ಡೆ ಹದಿನೈದು ಇಪ್ಪತ್ತು ನಿಮಿಷ. ಮೆಟ್ಟಿಲಿನಲ್ಲಿ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು.

ವ್ಯಾಯಾಮದಲ್ಲಿ ಎಳೆತ, ನೋವು ಇರುತ್ತದೆ. ನಿಲ್ಲಿಸಿದ ಮೇಲೆ ಅರ್ಧ ಒಂದು ಗಂಟೆಯಲ್ಲಿ ಅದು ಇಳಿದರೆ ಸರಿ. ರಾತ್ರಿಯೆಲ್ಲ ನೋವು, ಮರುದಿನ ಊತ ಹೆಚ್ಚು ಎಂದಾದರೆ ಅತಿಯಾಯಿತು ಎಂದರ್ಥ. ನೋವಿನ ಮಾತ್ರೆಯಿಂದ ಕಿಡ್ನಿ ಹೋಗುತ್ತದೆ ಎಂದು ಮೊದಲ ವಾರವೇ ಮಾತ್ರೆ ಬಿಡುವವರಿದ್ದಾರೆ. ಕೆಲವು ನೋವುನಿವಾರಕಗಳು ಕಿಡ್ನಿ ತೊಂದರೆ ಇದ್ದವರಿಗೆ ಆಗುವುದಿಲ್ಲ ಎನ್ನುವುದು ನಿಜ. ಅದನ್ನು ನೋಡಿಯೇ ವೈದ್ಯರು ಔಷಧ ಆರಿಸಬೇಕು. ಆದರೆ ಪೂರ್ತಿ ಬಿಟ್ಟರೆ ನೋವಿಗೆ ಹೆದರಿ ವ್ಯಾಯಾಮ ನಿಲ್ಲುತ್ತದೆ. ಬರೆದುಕೊಟ್ಟ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಇನ್ನು ತಿಕ್ಕುವವರ ವಿಷಯ. ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಮೀನಖಂಡವನ್ನು ಬಲವಾಗಿ ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಗಾಯ ಪೂರ್ತಿ ಮಾಗಿದ ಮೇಲೆ ಕಲೆಯ ಮೇಲೆ, ಚಿಪ್ಪಿನ ಸುತ್ತ ಹಗುರವಾಗಿ ಬೆರಳಾಡಿಸುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿಕೊಡುತ್ತಾರೆ, ಅಷ್ಟು ಸಾಕು. ಉಪ್ಪಿನ ಶಾಖ, ಎಕ್ಕದ ಎಲೆಯ ಶಾಖ ಕೂಡ ಬೇಡ. ಗಾಯದ ಹೊರಮಗ್ಗುಲಲ್ಲಿ ಅಂಗೈಯಗಲ ಮರಗಟ್ಟಿದಂತಿರುವುದು ಸಾಮಾನ್ಯ, ಚರ್ಮದ ಸಣ್ಣ ನರವೊಂದು ಕೊಯ್ಲಿನಲ್ಲಿ ಕತ್ತರಿಸಿರುತ್ತದೆ. ಅಲ್ಲಿ ಬಿಸಿ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಬೊಬ್ಬೆ ಕಂಡಾಗಲೇ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಆ ಬೊಬ್ಬೆ ಸೋಂಕಿನ ದಾರಿ.

ಕಾಲನ್ನು ತಾನೇ ಮಡಚಿ ಚಾಚುವ ಯಂತ್ರವನ್ನು ಬಾಡಿಗೆಗೆ ತಂದಿಟ್ಟುಕೊಳ್ಳುವ ಮನೆಗಳಿವೆ. ಅದರ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಸಿಗುವ ಲಾಭ ಸುಮಾರು ಎರಡು ಡಿಗ್ರಿ. ಆ ಬಾಡಿಗೆಯಲ್ಲಿ ಎಷ್ಟು ಸಲ ಫಿಸಿಯೋಥೆರಪಿಸ್ಟರನ್ನು ಮನೆಗೆ ಕರೆಸಬಹುದು ಎಂದು ಲೆಕ್ಕ ಹಾಕಿ.

ನಮ್ಮ ಕರಾವಳಿಗೇ ವಿಶೇಷವಾದ ಇನ್ನೊಂದು ನಂಬಿಕೆ “ನಂಜು”. ಗಾಯ ಇದ್ದಾಗ ಬಂಗುಡೆ, ಸಿಗಡಿ, ಮೊಟ್ಟೆ, ಬದನೆ, ಹಲಸು ತಿಂದರೆ ನಂಜಾಗುತ್ತದೆ ಎಂದು ವಾರಗಟ್ಟಲೆ ಗಂಜಿ ಉಪ್ಪಿನಕಾಯಿಯಲ್ಲೇ ಇಡುತ್ತಾರೆ. ಗಾಯ ಮಾಯಲು, ಸೊರಗಿದ ತೊಡೆಯ ಸ್ನಾಯು ಮತ್ತೆ ತುಂಬಲು ಪ್ರೊಟೀನ್ ಬೇಕು. ಮೀನು ತಿನ್ನುವವರಿಗೆ ಬಂಗುಡೆಗಿಂತ ಒಳ್ಳೆಯ ಮೂಲ ಸುಲಭದಲ್ಲಿ ಸಿಗದು. ತಿನ್ನದವರಿಗೆ ಹೆಸರು, ಕಡಲೆ, ಹಾಲು, ಮೊಸರು. ನಿಮಗೆ ಮೊದಲಿನಿಂದಲೂ ಸಿಗಡಿ ತಿಂದರೆ ತುರಿಕೆ ಬರುತ್ತದೆ ಎಂದಾದರೆ ಅದು ಅಲರ್ಜಿ, ಆ ಮಾತು ಬೇರೆ.

ಮಳೆಗಾಲದಲ್ಲಿ ಮಂಡಿ ಹೆಚ್ಚು ಬಿಗಿಯುತ್ತದೆ ಎಂದು ಹಲವರು ಹೇಳುತ್ತಾರೆ. ಹವೆಗೂ ಕೀಲುನೋವಿಗೂ ಇರುವ ನಂಟಿನ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ಅಂಗಳಕ್ಕೆ ಹೆದರಿ ನಡಿಗೆಯೇ ನಿಲ್ಲುವುದಂತೂ ಸತ್ಯ. ಜಗಲಿಯಲ್ಲೋ ಫ್ಲ್ಯಾಟಿನ ಕಾರಿಡಾರಿನಲ್ಲೋ ಗಂಟೆಗೊಮ್ಮೆ ನಾಲ್ಕು ಸುತ್ತು ನಡೆದರೂ ಆದೀತು.

ಇಷ್ಟಾದರೂ ಮಡಚದಿದ್ದರೆ

ಆರರಿಂದ ಹನ್ನೆರಡನೇ ವಾರದ ನಡುವೆ, ಪ್ರಯತ್ನದ ಮೇಲೂ ಮಂಡಿ 90 ಡಿಗ್ರಿ ಮುಟ್ಟದಿದ್ದರೆ ವೈದ್ಯರು ಮೊದಲು ಕಾರಣ ಹುಡುಕಬೇಕು: ಎಕ್ಸ್‌ರೇ, ಸೋಂಕಿನ ಸುಳಿವಿಗೆ ರಕ್ತಪರೀಕ್ಷೆ, ಸಂಶಯವಿದ್ದರೆ ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು ಪರೀಕ್ಷೆ, ಭಾಗಗಳು ತಿರುಗಿ ಕೂತಿವೆಯೇ ಎಂದು ನೋಡಲು ಸಿ.ಟಿ. ಸ್ಕ್ಯಾನ್. ಇಲ್ಲಿ ಒಂದು ಎಚ್ಚರಿಕೆ. ಮಂಡಿ ಬಿಸಿಯಾಗಿದೆ ಎಂದು ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ. ನೀರು ತೆಗೆಯುವ ಮೊದಲೇ ಅದನ್ನು ತಿಂದರೆ ರೋಗಾಣು ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು, ಸೋಂಕು ಒಳಗೇ ಉಳಿಯಬಹುದು.

ಸೋಂಕಿಲ್ಲ, ಭಾಗಗಳು ಸರಿಯಾಗಿ ಕೂತಿವೆ, ಅಂಟಿಕೊಂಡ ನಾರೇ ಕಾರಣ ಎಂದಾದರೆ ಅರಿವಳಿಕೆಯಲ್ಲಿ ಮಡಚಿಸುವ ಚಿಕಿತ್ಸೆ ಇದೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು, ಸ್ನಾಯುಗಳೆಲ್ಲ ಸಡಿಲಾದ ಮೇಲೆ ವೈದ್ಯರು ಕಾಲನ್ನು ನಿಧಾನವಾಗಿ ಮಡಚುತ್ತಾ ಹೋಗುತ್ತಾರೆ. ಒಳಗಿನ ಅಂಟು ಬಿಡುವುದು ಕೈಗೆ ತಿಳಿಯುತ್ತದೆ. ಕೆಲವು ನಿಮಿಷದ ಕೆಲಸ. ಅಂದೇ ಮತ್ತೆ ವ್ಯಾಯಾಮ ಶುರು. ಸರಾಸರಿ ಮೂವತ್ತು ಡಿಗ್ರಿಯಷ್ಟು ಲಾಭ ಸಿಕ್ಕಿದ ವರದಿಗಳಿವೆ. ಹನ್ನೆರಡು ವಾರ ದಾಟಿದ ಮೇಲೆ ಲಾಭ ಕಡಿಮೆ, ಅಪಾಯ ಹೆಚ್ಚು. ಅಪರೂಪಕ್ಕೆ ಮೂಳೆ ಮುರಿಯುವುದು, ಚಿಪ್ಪಿನ ಕೆಳಗಿನ ಕಟ್ಟು ಹರಿಯುವುದು ಆಗಬಹುದು, ಆದ್ದರಿಂದ ಮೂಳೆ ತೀರಾ ಟೊಳ್ಳಾಗಿರುವವರಿಗೆ ವೈದ್ಯರು ಯೋಚಿಸಿಯೇ ಮಾಡುತ್ತಾರೆ.

“ಅವರೂ ಬಲವಂತವಾಗಿ ಮಡಚುವುದೇ ಅಲ್ಲವೇ, ಮನೆಯಲ್ಲಿ ಮಾಡಿದರೇನು” ಎಂದು ಕೇಳುವವರುಂಟು. ಎಚ್ಚರವಿರುವ ಮನುಷ್ಯನ ಕಾಲನ್ನು ಎಳೆದರೆ ನೋವಿಗೆ ಸ್ನಾಯು ಎದುರು ಎಳೆಯುತ್ತದೆ. ಆ ಜಗ್ಗಾಟದಲ್ಲಿ ಬಿಡುವುದು ಅಂಟಿನ ಬದಲು ಹೊಲಿಗೆಯೋ ಸ್ನಾಯುವಿನ ಕಟ್ಟೋ ಆಗಿರಬಹುದು. ಒಳಗೆ ಮತ್ತೆ ರಕ್ತ ಸೋರಿದರೆ ಮತ್ತಷ್ಟು ನಾರು ಬೆಳೆಯುತ್ತದೆ, ಕಾಲು ಮೊದಲಿಗಿಂತ ಬಿಗಿಯಾಗುತ್ತದೆ.

ಮೂರು ತಿಂಗಳು ದಾಟಿದವರಿಗೆ ದಾರಿಯೇ ಇಲ್ಲವೆಂದಲ್ಲ. ಸಣ್ಣ ರಂಧ್ರಗಳ ಮೂಲಕ ದುರ್ಬೀನು ಹಾಕಿ ಅಂಟನ್ನು ಬಿಡಿಸಬಹುದು. ಅದು ಸಾಲದಿದ್ದರೆ ಮಂಡಿ ತೆರೆದು ನಾರನ್ನು ತೆಗೆಯಬಹುದು. ಅಳತೆ ಅಥವಾ ಕೂರಿಸಿದ ರೀತಿಯೇ ತಪ್ಪಿದ್ದರೆ ಇಂಪ್ಲಾಂಟನ್ನೇ ಬದಲಿಸಬೇಕಾಗುತ್ತದೆ. ಒಂದೊಂದು ಮೆಟ್ಟಿಲಿಗೂ ಗಾಯ ದೊಡ್ಡದು, ಖರ್ಚು ಹೆಚ್ಚು, ಫಲದ ಭರವಸೆ ಕಡಿಮೆ. ಬಿಗಿತಕ್ಕೆ ಸ್ಪಷ್ಟ ಕಾರಣ ಸಿಗದೆ ಮರು ಶಸ್ತ್ರಚಿಕಿತ್ಸೆಗೆ ಇಳಿದರೆ ಹೆಚ್ಚಾಗಿ ನಿರಾಸೆಯೇ. ಇಂಥ ಸಲಹೆ ಬಂದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ, ಯಾವ ವೈದ್ಯರೂ ಅದಕ್ಕೆ ಬೇಸರಿಸಿಕೊಳ್ಳಬಾರದು.

ಚೆನ್ನಾಗಿ ಮಡಚುತ್ತಿದ್ದ ಮಂಡಿ ತಿಂಗಳುಗಳ ನಂತರ ಏಕಾಏಕಿ ಬಿಗಿದರೆ, ಗಾಯದಲ್ಲಿ ನೀರು ಜಿನುಗಿದರೆ, ಮೀನಖಂಡ ಊದಿ ಗಟ್ಟಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ, ಬಜ್ಪೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಂತ್ರ ಕೂಗಿದರೆ ಹೆದರಬೇಡಿ, ಅದು ಲೋಹದ ಗುಣ.

ಎಲ್ಲ ಪ್ರಯತ್ನದ ನಂತರ ತೊಂಬತ್ತೈದಕ್ಕೆ ನಿಂತ ಮಂಡಿಯಲ್ಲೂ ನೋವಿಲ್ಲದೆ ಬದುಕುವವರು ಬಹಳ ಮಂದಿ. ಕುರ್ಚಿಗೆ ಒಂದು ದಪ್ಪ ಕುಶನ್, ಕಮೋಡಿಗೆ ಎತ್ತರದ ಸೀಟು, ಪಕ್ಕದಲ್ಲಿ ಹಿಡಿಕೆ. ನೆಲದ ಪಂಕ್ತಿಯ ಬದಲು ಮೇಜಿನ ಊಟ. ನಮಾಜು, ಚರ್ಚಿನ ಪ್ರಾರ್ಥನೆ ಕುರ್ಚಿಯಲ್ಲಿ. ಯಾವ ಹಂತದಲ್ಲೇ ಇರಲಿ, ಬೇರೆ ವೈದ್ಯರ ಬಳಿ ಹೋಗುವಾಗ ಆಪರೇಶನ್ ವಿವರದ ಪ್ರತಿ, ಎಕ್ಸ್‌ರೇಗಳು ಮತ್ತು ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರ್ ಅಂಟಿಸಿದ ಹಾಳೆಯನ್ನು ಒಯ್ಯಿರಿ. ಆ ಸ್ಟಿಕ್ಕರಿನಲ್ಲಿ ಕಂಪನಿಯ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಇರುತ್ತವೆ. ಡಿಸ್ಚಾರ್ಜ್ ಫೈಲಿನಲ್ಲಿ ಅದು ಇಲ್ಲದಿದ್ದರೆ ಇವತ್ತೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೇಳಿ ತೆಗೆದುಕೊಳ್ಳಿ, ಒಂದು ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.